ರಾಮಾನುಜನ್ ಕೆಮ್ಮು, ನನ್ನ ಇನ್ಸುಲಿನ್

'ದಿ ಮ್ಯಾನ್ ಹೂ ನ್ಯೂ ಇನ್ಫಿನಿಟಿ' ಸಿನಿಮಾನ ನಾನು ಎರಡು ಸಲ ನೋಡಿದೀನಿ. ಮೊದಲ ಸಲ ಬೆಂಗಳೂರಿನಲ್ಲಿ, ಫ್ರೆಂಡ್ಸ್ ಜೊತೆ. ಎರಡನೇ ಸಲ ಇಂಗ್ಲೆಂಡಿನ ಹಾಸ್ಟೆಲ್ ರೂಮಲ್ಲಿ, ರಾತ್ರಿ ಮೂರು ಗಂಟೆಗೆ. ಶುಗರ್ 58ಕ್ಕೆ ಇಳಿದಿತ್ತು, ಜ್ಯೂಸ್ ಕುಡಿದು ಅದು ಮೇಲೇರಲಿ ಅಂತ ಕಾಯ್ತಾ ಲ್ಯಾಪ್‌ಟಾಪ್ ತೆರೆದಿದ್ದೆ. ನನಗೆ ಹನ್ನೊಂದನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್. ಮೊದಲ ಸಲ ನೋಡಿದಾಗ ಕಣ್ಣೀರು ಬಂದಿತ್ತು. ಎರಡನೇ ಸಲ ಸಿಟ್ಟು ಬಂತು.

ಸಿನಿಮಾ ಕೆಟ್ಟದ್ದು ಅಂತಲ್ಲ. ಹಾರ್ಡಿಯಾಗಿ ಜೆರೆಮಿ ಐರನ್ಸ್ ಅದ್ಭುತ. ದೇವ್ ಪಟೇಲ್ ಕೂಡ ಪಾತ್ರವನ್ನ ಮನಸ್ಸಿಟ್ಟು ಮಾಡಿದ್ದಾನೆ. ತಕರಾರು ಇರೋದು ಆ ಕೆಮ್ಮಿನ ಬಗ್ಗೆ. ನಮ್ಮ ಸಿನಿಮಾಗಳಲ್ಲಿ ಯಾರಾದ್ರೂ ಒಂದು ಸಲ ಜೋರಾಗಿ ಕೆಮ್ಮಿದ್ರೆ ಸಾಕು, ಕ್ಲೈಮ್ಯಾಕ್ಸ್‌ಗೆ ಫೋಟೋಗೆ ಹಾರ ಬೀಳುತ್ತೆ ಅಂತ ಗೊತ್ತಾಗಿಬಿಡುತ್ತೆ. ನಿರ್ದೇಶಕ ಮ್ಯಾಟ್ ಬ್ರೌನ್ ಕೂಡ ಕಾಯಿಲೆಯನ್ನ ಹೀಗೇ ಬಳಸ್ತಾರೆ. ಅದು ಸಾವಿನ ಮುನ್ಸೂಚನೆ ಅಷ್ಟೇ, ದಿನದಿನದ ಬದುಕಲ್ಲ.

ನಿಜವಾಗಿ ಆಗಿದ್ದು ಇದಕ್ಕಿಂತ ಗೋಜಲು. ರಾಮಾನುಜನ್ 1914ರಲ್ಲಿ ಹಡಗು ಹತ್ತುವ ಮೊದಲೇ ಎರಡು ಸಲ ಆಮಶಂಕೆಯಿಂದ ನರಳಿದ್ದರು. 1917ರಲ್ಲಿ ಮಲಗಿದ ಮೇಲೆ ಸುಮಾರು ಎರಡು ವರ್ಷ ನರ್ಸಿಂಗ್ ಹೋಮು, ಸ್ಯಾನಿಟೋರಿಯಂ ಅಂತ ಅಲೆದರು. ಒಬ್ಬ ಡಾಕ್ಟರು ಹೊಟ್ಟೆಯ ಹುಣ್ಣು ಅಂದ್ರೆ ಇನ್ನೊಬ್ಬರು ಟಿಬಿ ಅಂದ್ರು. ಟಿಬಿಗೆ ಆಗಿನ ಚಿಕಿತ್ಸೆ ಅಂದ್ರೆ ತೆರೆದ ಕಿಟಕಿ, ತಣ್ಣನೆ ಗಾಳಿ. ಸ್ನಾನದಮನೆ ಮಾತ್ರ ಬೆಚ್ಚಗಿದೆ, ಪೆನ್ನು ಕಾಗದ ಹಿಡ್ಕೊಂಡು ಅಲ್ಲೇ ಕೂತು ಲೆಕ್ಕ ಮಾಡ್ತೀನಿ ಅಂತ ಅವರು ಹಾರ್ಡಿಗೆ ಪತ್ರ ಬರೆದರು. 1994ರಲ್ಲಿ ಡಿ. ಎ. ಬಿ. ಯಂಗ್ ಎಂಬುವರು ಹಳೆಯ ದಾಖಲೆಗಳನ್ನೆಲ್ಲ ನೋಡಿ, ಅದು ಟಿಬಿ ಅಲ್ಲ, ಲಿವರ್‌ಗೆ ಹಬ್ಬಿದ ಅಮೀಬಾ ಸೋಂಕು ಇರಬೇಕು ಅಂತ ವಾದಿಸಿದರು. ಸರಿಯಾಗಿ ಪತ್ತೆಯಾಗಿದ್ದರೆ ಆ ಕಾಲದಲ್ಲೂ ಗುಣವಾಗಬಹುದಿತ್ತು.

ಯುದ್ಧ, ಚಳಿ, ಜನಾಂಗದ್ವೇಷ, ಸಸ್ಯಾಹಾರ – ಸಿನಿಮಾ ಬೊಟ್ಟು ಮಾಡೋದು ಇವುಗಳ ಕಡೆಗೆ. ಇವೆಲ್ಲ ನಿಜ. ಆದರೆ ನನ್ನಂಥವರಿಗೆ ಚುಚ್ಚೋದು ಬೇರೆಯದು: ಕೇಳೋಕೆ ಸಂಕೋಚ. ಟ್ರಿನಿಟಿಯಲ್ಲಿ ರಾಮಾನುಜನ್ ಚಳಿಗೆ ಕೋಟು ಹಾಕ್ಕೊಂಡೇ ಮಲಗ್ತಾ ಇದ್ದರಂತೆ. ಹಾಸಿಗೆಗೆ ಸಿಕ್ಕಿಸಿದ್ದ ಕಂಬಳಿಗಳ ಒಳಗೆ ತೂರಿಕೊಳ್ಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಅವರು ಯಾರನ್ನೂ ಕೇಳಲಿಲ್ಲ. ಗೆಳೆಯ ಮಹಾಲನೋಬಿಸ್ ನೋಡಿ ತೋರಿಸಿಕೊಡಬೇಕಾಯ್ತು.

ಇನ್ನು ಎಲ್ಲರಿಗೂ ಗೊತ್ತಿರೋ 1729. ಕ್ವಿಜ್‌ಗಳಲ್ಲಿ ಕೇಳಿ ಕೇಳಿ ಸವೆದಿದೆ. ಆದರೆ ಆ ಮಾತುಕತೆ ನಡೆದಿದ್ದು ಪಟ್ನಿಯಲ್ಲಿ, ರೋಗಿಯ ಹಾಸಿಗೆ ಪಕ್ಕ ಅನ್ನೋದನ್ನ ಮರೀತೀವಿ. ಒಳಗೆ ಬಂದ ಹಾರ್ಡಿ, ತಾನು ಬಂದ ಟ್ಯಾಕ್ಸಿ ನಂಬರು ಸಪ್ಪೆ, ಅಪಶಕುನ ಆಗದಿದ್ದರೆ ಸಾಕು ಅಂತಾರೆ. ಇಲ್ಲ, ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂತಾರೆ ರಾಮಾನುಜನ್. ನನಗೆ ಇದರಲ್ಲಿ ಪ್ರತಿಭೆ ಎಷ್ಟು ಕಾಣುತ್ತೋ, ಕಾಯಿಲೆ ಬಗ್ಗೆ ಮಾತಾಡೋಕೆ ಬಾರದ ಇಬ್ಬರು ಗಂಡಸರೂ ಅಷ್ಟೇ ಕಾಣ್ತಾರೆ.

ನಾನೂ ಅದನ್ನೇ ಮಾಡಿದ್ದೆ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೆ, ಒಂದು ಫಾರ್ಮ್ ತುಂಬಿದ್ರೆ ಇಂಗ್ಲೆಂಡಿನಲ್ಲಿ ಇನ್ಸುಲಿನ್‌ಗೆ ಪ್ರಿಸ್ಕ್ರಿಪ್ಷನ್ ಚಾರ್ಜೂ ಇಲ್ಲ. ಅಂದ್ರೆ ಕಾಗದಪತ್ರದ ಮಟ್ಟಿಗೆ ಎಲ್ಲ ಸರಿಯಿತ್ತು. ಆದರೆ ಗೈಡ್‌ಗೆ ನಾಲ್ಕು ತಿಂಗಳು ಹೇಳಿರಲಿಲ್ಲ. ಮೀಟಿಂಗ್‌ನಲ್ಲಿ ಕೈ ನಡುಗಿದಾಗ 'ಕಾಫಿ ಜಾಸ್ತಿಯಾಯ್ತು' ಅಂದಿದ್ದೆ. ಅಮ್ಮ ಫೋನಲ್ಲಿ "ಶುಗರ್ ಎಷ್ಟಿದೆ ಪುಟ್ಟಾ?" ಅಂದ್ರೆ ಸುಳ್ಳು ನಂಬರು. ಸ್ಕಾಲರ್‌ಶಿಪ್ ಹುಡುಗ, ದುರ್ಬಲ ಅಂತ ಕಾಣಬಾರದಲ್ಲ!

ಸಿನಿಮಾ ನೋಡಿದ ವಾರವೇ ಗೈಡ್‌ಗೆ ಹೇಳಿದೆ. ಅವರು ಮರುಕ ತೋರಿಸಲಿಲ್ಲ. "ನಿನ್ನ ಕೈ ನಡುಗಿದ್ರೆ ನಾನೇನು ಮಾಡಬೇಕು?" ಅಂತ ಕೇಳಿ, ಉತ್ತರವನ್ನ ಡೈರಿಯಲ್ಲಿ ಬರೆದುಕೊಂಡರು. ಮುಂದಿನ ವಾರ ಅವರ ಡ್ರಾಯರ್‌ನಲ್ಲಿ ಜ್ಯೂಸ್ ಪ್ಯಾಕ್ ಇತ್ತು.

ಸಿನಿಮಾದಲ್ಲಿ ನಾನು ಹುಡುಕಿದ್ದು ಆ ಪ್ರಶ್ನೆಯನ್ನೇ. ರಾಮಾನುಜನ್ 32ಕ್ಕೆ ತೀರಿಕೊಂಡ ದುಃಖವನ್ನ ಅದು ಚೆನ್ನಾಗಿ ತೋರಿಸುತ್ತೆ. ಕಾಯಿಲೆ ಇಟ್ಟುಕೊಂಡೇ ಅವರು ಹೇಗೆ ಓದಿದರು, ಬರೆದರು, ಉಂಡರು, ಮಲಗಿದರು ಅನ್ನೋದನ್ನ ತೋರಿಸಲ್ಲ. ಈ ವರ್ಷ ಸೂಟ್‌ಕೇಸ್ ಕಟ್ಟುತ್ತಿರೋರಿಗೆ ಬೇಕಾಗಿರೋದು ಅದು. ಸಿನಿಮಾ ಖಂಡಿತ ನೋಡಿ. ಇನ್ಸುಲಿನ್ ಮಾತ್ರ ಹ್ಯಾಂಡ್ ಬ್ಯಾಗೇಜ್‌ನಲ್ಲೇ ಇರಲಿ, ಮತ್ತೆ ಹೋದ ಮೊದಲ ವಾರವೇ ಯಾರಿಗಾದ್ರೂ ಹೇಳಿ.