ನಂಟು, ಸಂಚು ಮತ್ತು ಒಂದು ಸಿಮ್ ಕಾರ್ಡು

ನಮ್ಮೂರು ಮುರುಗಮಲ್ಲದ ದರ್ಗಾಕ್ಕೆ ದೂರದೂರುಗಳಿಂದ ಜನ ಬರುತ್ತಾರೆ. ಅಮ್ಮಾಜಾನ್ ಬಾವಾಜಾನರ ಬಳಿ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಕನ್ನಡ, ತೆಲುಗು, ಉರ್ದು, ತಮಿಳು ಎಲ್ಲವೂ ಒಂದೇ ಚಹಾದಂಗಡಿಯಲ್ಲಿ ಕೇಳಿಸುತ್ತವೆ. ಬಸ್ಸಿಳಿದವರನ್ನು ನಮ್ಮವರು ಕೇಳುವ ಮೊದಲ ಮಾತು "ಯಾವೂರು?" ಎಂಬುದು. ಅದು ವಿಚಾರಣೆಯಲ್ಲ, ಉಪಚಾರ. ಉತ್ತರ ಬರುವುದರೊಳಗೆ ನೀರಿನ ಲೋಟ ಮುಂದೆ ಬಂದಿರುತ್ತದೆ. ಮನೆಗೊಂದು ಫೋನು ಮಾಡಬೇಕಿತ್ತು ಎಂದವರಿಗೆ ಅಂಗಡಿಯ ಚಾಚಾ ತಮ್ಮ ಮೊಬೈಲನ್ನೇ ಕೊಡುತ್ತಿದ್ದರು. 2007ರ ಜುಲೈ ತಿಂಗಳಲ್ಲಿ ಒಂದು ದಿನ ಹಾಗೆ ಕೇಳಿದವನೊಬ್ಬನಿಗೆ ಅವರು "ಬ್ಯಾಟರಿ ಇಲ್ಲಪ್ಪ" ಎಂದುಬಿಟ್ಟರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು: "ಆ ಡಾಕ್ಟರ್ ಗತಿ ನೋಡಿದೆಯಲ್ಲ ಬೇಟಾ."

ಆ ಡಾಕ್ಟರ್ ಎಂದರೆ ಮೊಹಮ್ಮದ್ ಹನೀಫ್. ಮೂಡಿಗೆರೆ ಮೂಲದವರು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 2006ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಆಸ್ಪತ್ರೆ ಸೇರಿದ್ದರು. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ದೂರದ ಸೋದರಸಂಬಂಧಿ ಸಬೀಲ್ ಅಹ್ಮದ್‌ಗೆ ಕೊಟ್ಟು ಹೋದರು. ಅದರಲ್ಲಿ ಮಾತಾಡುವ ನಿಮಿಷಗಳು ಇನ್ನೂ ಉಳಿದಿದ್ದವು. 2007ರ ಜೂನ್ 30ರಂದು ಸಬೀಲನ ಅಣ್ಣ ಕಫೀಲ್, ಗ್ಯಾಸ್ ಸಿಲಿಂಡರ್ ತುಂಬಿದ ಜೀಪನ್ನು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ನುಗ್ಗಿಸಿದ. ಜುಲೈ 2ರಂದು, ಬೆಂಗಳೂರಿಗೆ ಹೊರಟಿದ್ದ ಹನೀಫರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು.

ಗ್ಲಾಸ್ಗೋದಲ್ಲಿ ನಡೆದದ್ದು ಸುಳ್ಳಲ್ಲ. ಅಂಥ ದಾಳಿಯ ಎರಡು ದಿನದ ನಂತರ, ದಾಳಿಕೋರನ ತಮ್ಮನ ಬಳಿ ಯಾರ ಹೆಸರಿನ ಸಿಮ್ ಇತ್ತೋ ಅವರು ಒಂದೇ ಬದಿಯ ಟಿಕೆಟ್ ಹಿಡಿದು ವಿಮಾನ ಹತ್ತಲು ನಿಂತರೆ, ಪೊಲೀಸರು ತಡೆದು ಪ್ರಶ್ನಿಸುವುದು ಅನ್ಯಾಯವಲ್ಲ. ಇದನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು. ಜನರ ಜೀವ ಕಾಯುವ ಹೊಣೆ ಹೊತ್ತ ಪ್ರಭುತ್ವಕ್ಕೆ ಅನುಮಾನಿಸುವ ಅಧಿಕಾರವೂ ಬೇಕು. ಆದರೆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ, ಆ ಉತ್ತರದಲ್ಲಿ ಅಪರಾಧ ಕಾಣದಿದ್ದಾಗ, ಪ್ರಭುತ್ವ ಏನು ಮಾಡುತ್ತದೆ? ಅದರ ನ್ಯಾಯಪ್ರಜ್ಞೆಯ ಪರೀಕ್ಷೆ ನಡೆಯುವುದು ಅಲ್ಲಿ.

ಹನೀಫರ ಮೊದಲ ವಿಚಾರಣೆಯ ಲಿಖಿತ ದಾಖಲೆ 142 ಪುಟಗಳದ್ದು. ಅವರ ವಕೀಲ ಸ್ಟೀಫನ್ ಕೀಮ್ ಅದನ್ನು ಪತ್ರಕರ್ತ ಹೆಡ್ಲಿ ಥಾಮಸ್‌ಗೆ ಕೊಟ್ಟು, ಕೊಟ್ಟವನು ನಾನೇ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅದರಲ್ಲಿ ಕಾಣುವುದು ಕೇಳಿದ್ದಕ್ಕೆಲ್ಲ ಉತ್ತರಿಸುವ ಒಬ್ಬ ದಣಿದ ಮನುಷ್ಯ. ಬೆಂಗಳೂರಿನಲ್ಲಿ ಹೆಂಡತಿಗೆ ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದೆ, ಮಗುವನ್ನು ನೋಡಬೇಕು. ಟಿಕೆಟ್ ತೆಗೆಸಿಕೊಟ್ಟವರು ಮಾವ. ಹಿಂತಿರುಗುವ ಟಿಕೆಟನ್ನು ಆಮೇಲೆ ಮಾಡಿಸುವ ಆಲೋಚನೆ. ಸಿಮ್ ವಿಷಯ ತಿಳಿದೊಡನೆ ಬ್ರಿಟಿಷ್ ಪೊಲೀಸ್ ಅಧಿಕಾರಿಯೊಬ್ಬರಿಗೆ ತಾನಾಗಿಯೇ ಫೋನು ಮಾಡಲು ಯತ್ನಿಸಿದ್ದನ್ನೂ ಹೇಳುತ್ತಾರೆ. ಆದರೆ ನ್ಯಾಯಾಲಯಕ್ಕೆ ಪೊಲೀಸರು ಕೊಟ್ಟ ಪ್ರಮಾಣಪತ್ರದಲ್ಲಿ, ಒಂದು ಬದಿಯ ಟಿಕೆಟ್ಟಿಗೆ ಆತ ಕಾರಣ ಕೊಡಲಿಲ್ಲ ಎಂದಿತ್ತು. ಸಿಮ್ ಕಾರ್ಡು ಉರಿದ ಜೀಪಿನಲ್ಲಿ ಸಿಕ್ಕಿತು ಎಂದು ಸರಕಾರಿ ವಕೀಲರು ವಾದಿಸಿದರು. ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಸಬೀಲನ ಬಳಿ.

ನಾನು ಕಥೆ ಬರೆಯುವವನು. ಕಥೆ ಬಿಗಿಯಾಗಲು ಯಾವ ವಿವರವನ್ನು ಬಿಡಬೇಕು, ಯಾವ ವಸ್ತುವನ್ನು ಎಲ್ಲಿಂದ ಎಲ್ಲಿಗೆ ಸಾಗಿಸಬೇಕು ಎಂಬುದು ನಮ್ಮ ಕಸುಬಿನ ಗುಟ್ಟು. ಹೆರಿಗೆಯನ್ನು ಕೈಬಿಟ್ಟು ಸಿಮ್ಮನ್ನು ಜೀಪಿನಲ್ಲಿಟ್ಟರೆ ವೈದ್ಯನೊಬ್ಬ ಸಂಚುಕೋರನಾಗುತ್ತಾನೆ. ಕತೆಗಾರನ ತಪ್ಪಿನಿಂದ ಒಂದು ಕಥೆ ಕೆಡುತ್ತದೆ. ತನಿಖೆಗಾರನ ತಪ್ಪಿನಿಂದ ಒಂದು ಜೀವನ.

ಗಡಿಯಾರದ ಸಂಗತಿಯನ್ನೂ ಗಮನಿಸಬೇಕು. ಆಗಿನ ಆಸ್ಟ್ರೇಲಿಯದ ಕಾನೂನಿನಲ್ಲಿ ಭಯೋತ್ಪಾದನೆಯ ಶಂಕಿತನನ್ನು ಹೆಚ್ಚೆಂದರೆ 24 ಗಂಟೆ ಪ್ರಶ್ನಿಸಬಹುದಿತ್ತು. ಆದರೆ ಪ್ರಶ್ನಿಸದೆ ಇರುವ ಹೊತ್ತು, ಅಂದರೆ ನಿದ್ದೆ, ವಕೀಲರ ಭೇಟಿ, ಪರದೇಶದಿಂದ ಮಾಹಿತಿ ಬರುವವರೆಗಿನ ಕಾಯುವಿಕೆ, ಇವು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೀಗೆ ನಿಲ್ಲಿಸಿದ ಗಡಿಯಾರದಲ್ಲಿ ಹನೀಫ್ ಆರೋಪವೇ ಇಲ್ಲದೆ 12 ದಿನ ಕಳೆದರು. ಅವರ ವಿರುದ್ಧ ತಮ್ಮಲ್ಲಿ ಏನೂ ಇಲ್ಲವೆಂದು ಆ ದೇಶದ ಗುಪ್ತಚರ ಸಂಸ್ಥೆ ಜುಲೈ 11ರಷ್ಟು ಹೊತ್ತಿಗೇ ತಿಳಿಸಿತ್ತು. ಆದರೂ ಜುಲೈ 14ರಂದು ಭಯೋತ್ಪಾದಕ ಸಂಘಟನೆಗೆ ನೆರವಾದ ಆರೋಪ ಹೊರಿಸಲಾಯಿತು.

ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ ಜಾಮೀನು ಕೊಟ್ಟರು. ಅದಾಗಿ ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್, ನಡತೆಯ ಕಾರಣ ನೀಡಿ ಹನೀಫರ ವೀಸಾ ರದ್ದು ಮಾಡಿದರು. ಜಾಮೀನಿನ ಮೇಲೆ ಹೊರಬಂದರೆ ವಲಸೆ ಬಂಧನ ಕೇಂದ್ರ ಕಾದಿತ್ತು. ವಿಚಾರಣೆಯಿರುವುದರಿಂದ ದೇಶ ಬಿಟ್ಟು ಕಳಿಸುವಂತೆಯೂ ಇರಲಿಲ್ಲ. ಇರಲು ಬಿಡುವುದಿಲ್ಲ, ಹೋಗಲೂ ಬಿಡುವುದಿಲ್ಲ! ಅದೇ ಆರೋಪ ಹೊತ್ತವನು ಆಸ್ಟ್ರೇಲಿಯದ ಪ್ರಜೆಯಾಗಿದ್ದರೆ ಆ ಸಂಜೆ ಮನೆಗೆ ಹೋಗುತ್ತಿದ್ದ. ನಾಗರಿಕನಿಗೂ ಸೆರೆಮನೆಗೂ ನಡುವೆ ನ್ಯಾಯಾಲಯದ ಬಾಗಿಲೊಂದಿದೆ. ವಲಸಿಗನ ಮಟ್ಟಿಗೆ ಹಿತ್ತಿಲಲ್ಲಿ ಇನ್ನೊಂದು ಬಾಗಿಲು. ಅದರ ಕೀಲಿ ಸಚಿವರ ಜೇಬಿನಲ್ಲಿ. ಮುಂಬಾಗಿಲಲ್ಲಿ ಪುರಾವೆ ಕೇಳುತ್ತಾರೆ, ಹಿತ್ತಿಲ ಬಾಗಿಲಿಗೆ ಅನುಮಾನ ಸಾಕು.

ಆ ಬಾಗಿಲು ಇಡೀ ನಿಂತದ್ದು 'ಸಂಬಂಧ' ಎಂಬ ಒಂದು ಪದದ ಮೇಲೆ. ಅಪರಾಧಿಗಳ ಜೊತೆ ಸಂಬಂಧವುಳ್ಳವನ ವೀಸಾ ರದ್ದು ಮಾಡಬಹುದೆಂದು ಕಾನೂನು ಹೇಳುತ್ತಿತ್ತು. ಉರ್ದು ಓದಿದವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮಲ್ಲಿ ರಿಶ್ತಾ ಬೇರೆ, ವಾಸ್ತಾ ಬೇರೆ. ರಿಶ್ತಾ ಹುಟ್ಟಿನಿಂದಲೋ ಮದುವೆಯಿಂದಲೋ ಬರುವಂಥದ್ದು. ವಾಸ್ತಾ ನಾವಾಗಿ ಇಟ್ಟುಕೊಳ್ಳುವಂಥದ್ದು. ಕನ್ನಡದಲ್ಲಿ ಹೇಳುವುದಾದರೆ ನಂಟು ಬೇರೆ, ಸಂಚು ಬೇರೆ. ಸಚಿವರು ನಂಟನ್ನು ಸಂಚೆಂದು ಓದಿದರು. ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ 2007ರ ಆಗಸ್ಟ್ 21ರಂದು ಈ ಓದನ್ನೇ ತಪ್ಪೆಂದರು: ಬರಿಯ ಬಂಧುತ್ವ, ಏನೂ ಅರಿಯದ ಒಡನಾಟ ಕಾನೂನು ಹೇಳುವ ಸಂಬಂಧವಾಗುವುದಿಲ್ಲ. ಸಚಿವರ ಅಳತೆಗೋಲಿನಲ್ಲಿ, ವಕೀಲನಾಗಿ ಆರೋಪಿಗಳ ಒಡನಾಟವಿದ್ದ ತಾನೂ ನಪಾಸೇ ಎಂದು ವಿಚಾರಣೆಯಲ್ಲಿ ಅವರು ಹೇಳಿದ್ದುಂಟು. ಡಿಸೆಂಬರಿನಲ್ಲಿ ಮೇಲಿನ ಪೀಠವೂ ಇದನ್ನು ಎತ್ತಿಹಿಡಿಯಿತು. ಆರೋಪವನ್ನಂತೂ ಜುಲೈ 27ರಂದೇ ಕೈಬಿಡಲಾಗಿತ್ತು. ಹನೀಫ್ ಎರಡು ದಿನದಲ್ಲಿ ಬೆಂಗಳೂರು ತಲುಪಿದ್ದರು.

ಮುಂದಿನ ಸರಕಾರ ಜಾನ್ ಕ್ಲಾರ್ಕ್ ಅವರಿಂದ ತನಿಖೆ ಮಾಡಿಸಿತು. 2008ರ ಡಿಸೆಂಬರಿನಲ್ಲಿ ಪ್ರಕಟವಾದ ಅವರ ವರದಿ, ಹನೀಫರ ಮೇಲೆ ಆರೋಪ ಹೊರಿಸಿದ್ದೇ ತಪ್ಪು ಎಂದಿತು. ಸಚಿವರಿಗೆ ದುರುದ್ದೇಶವಿತ್ತು ಎನ್ನಲು ಮಾತ್ರ ಅವರಿಗೆ ಆಧಾರ ಸಿಗಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ದುಷ್ಟನೊಬ್ಬ ಇಲ್ಲದೆಯೂ, ಆತುರ ಮತ್ತು ಅಂಜಿಕೆ ಸೇರಿದರೆ ಸಾಕು, ಇಷ್ಟೆಲ್ಲ ನಡೆದುಹೋಗುತ್ತದೆ. 2010ರಲ್ಲಿ ಆ ನಿಲ್ಲಿಸಿದ ಗಡಿಯಾರಕ್ಕೆ ಏಳು ದಿನಗಳ ಮಿತಿ ಬಂತು. ಅದೇ ವರ್ಷದ ಕೊನೆಗೆ ಹನೀಫರಿಗೆ ಪರಿಹಾರವೂ ಸಿಕ್ಕಿತು.

ಆಸ್ಟ್ರೇಲಿಯವನ್ನು ಬೈಯುವುದು ನಮಗೆ ಸುಲಭ. ಆದರೆ ಆ ದಿನಗಳಲ್ಲಿ ನಾವು ಹನೀಫರ ಪರ ಆಡಿದ ಮಾತುಗಳನ್ನೂ ಪರೀಕ್ಷೆಗೆ ಒಡ್ಡಬೇಕು. ಮಸೀದಿಯ ಅಂಗಳದಲ್ಲಿ, ಚಹಾದಂಗಡಿಯಲ್ಲಿ, ಸಭೆಗಳಲ್ಲಿ ನಾವು ಹೇಳಿದ್ದೇನು? "ಓದಿದ ಹುಡುಗ, ಡಾಕ್ಟರ್, ಒಳ್ಳೆಯ ಮನೆತನ." ಇದು ವಾದವೇ? ಓದು ನಿರಪರಾಧಕ್ಕೆ ಪುರಾವೆಯಾಗುವುದಾದರೆ ಕಫೀಲ್ ಕೂಡ ಇಂಜಿನಿಯರ್ ಆಗಿದ್ದ. ಹಕ್ಕು ಅಂಕಪಟ್ಟಿಯ ಮೇಲೆ ಸಿಗುವ ಬಹುಮಾನವಲ್ಲ. ಹನೀಫ್ ಚಿಂದಿ ಆಯುವವರಾಗಿದ್ದರೂ ಆ 12 ದಿನಗಳು ಅಷ್ಟೇ ಅನ್ಯಾಯದವು ಎಂದು ನಾವು ಹೇಳಬೇಕಿತ್ತು. ಹೇಳಲಿಲ್ಲ. ಆದ್ದರಿಂದಲೇ ಚಿಂದಿ ಆಯುವವರ ಸರದಿ ಬಂದಾಗ ನಮ್ಮ ಬಾಯಲ್ಲಿ ಮಾತಿರಲಿಲ್ಲ.

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶದವರೆಂಬ ಅನುಮಾನದ ಮೇಲೆ ಕೂಲಿಗಳ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು, ನಮ್ಮದೇ ಉತ್ತರ ಕರ್ನಾಟಕದವರಿದ್ದರು. ಗುರುತಿನ ಚೀಟಿ ಹಿಡಿದು ನಿಂತವರ ಕಣ್ಣೆದುರೇ ತಗಡು ಉರುಳಿತು. ಆ ಕ್ರಮಕ್ಕೆ ಕಾನೂನಿನ ಬೆಂಬಲವಿಲ್ಲವೆಂದು ಕಂಡ ಹೈಕೋರ್ಟು ಪುನರ್ವಸತಿಯ ಮಾತೆತ್ತಿತು. ಆದರೆ ಕೋರ್ಟಿನ ಮಾತು ಬರುವ ಮೊದಲೇ ಯಂತ್ರ ಬಂದಿತ್ತು. ಅದಕ್ಕೂ ಸ್ವಲ್ಪ ಮುಂಚೆ ನೆಲಮಂಗಲದ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವೊಂದು ಅಕ್ರಮ ವಿದೇಶಿಯರನ್ನು ಇರಿಸುವ ಕೇಂದ್ರವಾಗಿ ಬದಲಾಗಿತ್ತು. ಮಕ್ಕಳು ಓದಬೇಕಿದ್ದ ಕಟ್ಟಡಕ್ಕೆ ಎತ್ತರದ ಗೋಡೆ ಬಂತು.

ನಮ್ಮ ಕಾನೂನು ಆಸ್ಟ್ರೇಲಿಯದ್ದಕ್ಕಿಂತ ಮೃದುವೇನಲ್ಲ. ಅಲ್ಲಿ 12 ದಿನಕ್ಕೆ ದೇಶವೇ ಚರ್ಚಿಸಿತು. ಇಲ್ಲಿ 2008ರ ತಿದ್ದುಪಡಿಯ ನಂತರದ ಯುಎಪಿಎ ಕಾಯಿದೆಯಡಿ ಆರೋಪಪಟ್ಟಿ ಇಲ್ಲದೆ 180 ದಿನದವರೆಗೆ ಇಡಬಹುದು. ತಾನು ವಿದೇಶಿಯಲ್ಲವೆಂದು ಸಾಬೀತು ಮಾಡುವ ಹೊರೆಯನ್ನು 1946ರ ವಿದೇಶಿಯರ ಕಾಯಿದೆ ಶಂಕಿತನ ಮೇಲೆಯೇ ಹಾಕಿತ್ತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. 2025ರಲ್ಲಿ ಹಳೆಯ ಕಾಯಿದೆ ಹೋಗಿ ಹೊಸದು ಬಂದಾಗಲೂ ಹೊರೆ ಅಲ್ಲೇ ಉಳಿಯಿತು. ಕಳ್ಳನೆಂದು ಹಿಡಿದವನ ಕಳ್ಳತನವನ್ನು ಪೊಲೀಸರು ತೋರಿಸಬೇಕು. ಪರದೇಶಿಯೆಂದು ಹಿಡಿದವನು ತನ್ನ ಸ್ವದೇಶವನ್ನು ತಾನೇ ತೋರಿಸಬೇಕು. ಹೊಳೆಯಲ್ಲಿ ಮನೆ ಕೊಚ್ಚಿಹೋದವನು, ಮದುವೆಯಾಗಿ ಊರು ಬಿಟ್ಟ ಹೆಂಗಸು ಯಾವ ಕಾಗದ ತರಬೇಕು?

ಗಡಿ ಬೇಡ, ವೀಸಾ ಬೇಡ ಎಂದು ಯಾರೂ ಹೇಳುತ್ತಿಲ್ಲ. ಅಕ್ರಮವಾಗಿ ಬಂದವರನ್ನು ವಾಪಸು ಕಳಿಸುವ ಅಧಿಕಾರ ಎಲ್ಲ ದೇಶಕ್ಕೂ ಇದೆ. ಆದರೆ ಆ ಅಧಿಕಾರ, ಪುರಾವೆ ಸಿಗದ ಭಯೋತ್ಪಾದನಾ ಮೊಕದ್ದಮೆಯ ಹಿತ್ತಿಲ ಬಾಗಿಲಾಗಬಾರದು. ಗಡಿಯಾರವನ್ನು ಪೊಲೀಸರು ನಿಲ್ಲಿಸುವಂತಿರಬಾರದು. ನಂಟನ್ನು ಸಂಚೆಂದು ಓದಿದವರ ತಪ್ಪನ್ನು ತಿದ್ದಲು ಒಬ್ಬ ನ್ಯಾಯಾಧೀಶ, ಒಬ್ಬ ವಕೀಲ ಇರಬೇಕು. ಅವರು ವೈದ್ಯನಿಗೆ ಸಿಕ್ಕ ಹಾಗೆಯೇ ಗುಡಿಸಲಿನವನಿಗೂ ಸಿಗಬೇಕು.

ನಮ್ಮ ಚಾಚಾ ಆಮೇಲೆ ಮತ್ತೆ ಫೋನು ಕೊಡತೊಡಗಿದರು. ಹನೀಫ್ ಮನೆಗೆ ಬಂದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೇಳಿದ್ದು ನಾನೇ. ಆದರೆ ಅಂದಿನಿಂದ "ಯಾವೂರು?" ಎಂದು ಕೇಳಿ ಉತ್ತರ ಬಂದ ನಂತರವೇ ಅವರು ಕೊಡುತ್ತಿದ್ದರು. ಹಿಂದೆಯೂ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿರಲಿಲ್ಲ.