ಕೌದಿಯಲ್ಲಿ ಓದಬಹುದಾದ ಬಾಳು

ತುಂಬು ಬಾಳು ಬಾಳಿ ಹೋದ ತಾಯಿಯನ್ನು ನೆನೆಯಲು ಫೋಟೊಗಿಂತ ಆಕೆ ಹಳೆ ಬಟ್ಟೆಗಳಲ್ಲಿ ಹೊಲಿದ ಕೌದಿ ಎಂಬ ಹೊದಿಕೆಯೇ ಮೇಲು ಎಂಬುದು ನನ್ನ ವಾದ. ಫೋಟೊ ಒಂದು ಗಳಿಗೆಯದು. ಉತ್ತರ ಕರ್ನಾಟಕದ ಮನೆಗಳ ಕೌದಿಯಲ್ಲಿ ದಶಕಗಳೇ ಪದರಪದರವಾಗಿ ಕೂತಿವೆ. ಮೇಲೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು, ಪಕ್ಕದಲ್ಲಿ ಗುಳೇದಗುಡ್ಡ ಖಣದ ಚೂರು, ಒಳಗೆ ಗಂಡನ ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ. ತೊಳೆದು ತೊಳೆದು ಮೆತ್ತಗಾದ ಬಟ್ಟೆಯೇ ಇದಕ್ಕೆ ಬೇಕು. ಗಂಜಿ ಬಿಡದ ಹೊಸ ಬಟ್ಟೆ ಸೂಜಿಗೂ ಬಿರುಸು, ಕೂಸಿನ ಮೈಗೂ ಒರಟು. ಅಂಚಿನಿಂದ ಹೊರಟ ದಾರ ಅಷ್ಟೂ ಪದರಗಳನ್ನು ಹಿಡಿದುಕೊಂಡು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಬೆರಳಿಂದ ಸವರಿದರೆ, ಸಾಲು ಹೊಡೆದ ಹೊಲದಂತೆ ಬಟ್ಟೆ ಸಣ್ಣಗೆ ಏರಿಳಿಯುವುದು ತಿಳಿಯುತ್ತದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಮೂಲೆಗಳಲ್ಲಿ ಮಡಿಸಿ ಹೊಲಿಯುವ ತ್ರಿಕೋನದ ಹೂಗಳನ್ನಂತೂ ನೋಡಲೇಬೇಕು. ಬೆಚ್ಚಗಿರಲು ಅವು ಬೇಕಿಲ್ಲ. ಆದರೆ ಅವಿಲ್ಲದೆ ಕೌದಿ ಮುಗಿಯಿತೆನ್ನಲು ಅವರ ಮನಸ್ಸು ಒಪ್ಪದು.

ಇದು ಬಡತನದ ಉಳಿತಾಯ, ಕಲೆಯೆಂದು ಹೊಗಳುವುದೇಕೆ ಎನ್ನುವವರಿದ್ದಾರೆ. ಬಡತನ ನಿಜ. ಆದರೆ ಹೊದಿಕೆಯಷ್ಟೇ ಸಾಕಾಗಿದ್ದರೆ ಬಣ್ಣಕ್ಕೆ ಬಣ್ಣ ಹೊಂದಿಸಬೇಕಿರಲಿಲ್ಲ, ಹೊಲಿಗೆ ಇಷ್ಟು ಒತ್ತಾಗಿರಬೇಕಿರಲಿಲ್ಲ. ಹೆಣ್ಣಿನ ದುಡಿಮೆಯನ್ನು ತ್ಯಾಗವೆಂದು ಪೂಜಿಸಿ ಸುಮ್ಮನಾಗಿಬಿಡುತ್ತೇವೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಅದಕ್ಕೇ ನಾನು ತ್ಯಾಗವನ್ನಲ್ಲ, ಕಸುಬನ್ನು ಹೊಗಳುತ್ತಿರುವುದು. ಯಾವ ತುಂಡು ಎಲ್ಲಿ ಕೂರಬೇಕೆಂಬ ತೀರ್ಮಾನ ಪೂರ್ತಿ ಹೊಲಿಯುವಾಕೆಯದು. ಒಂದೇ ಓಣಿಯಲ್ಲಿ ಹೊಲಿದ ಎರಡು ಕೌದಿಗಳು ಒಂದರಂತೆ ಒಂದಿಲ್ಲದಿರುವುದೂ ಅದರಿಂದಲೇ.