ಪೊರಕೆಯ ಜೊತೆಗೊಂದು ಪ್ರಶ್ನೆ

ಮಕ್ಕಳ ಕೈಗೆ ಪೊರಕೆ ಕೊಟ್ಟು ಬೀದಿ ಗುಡಿಸಲು ಹಚ್ಚಿದರೆ, ಸಸಿ ನೆಡಿಸಿದರೆ, ಒಂದು ಪ್ರಮಾಣಪತ್ರ ಕೊಟ್ಟರೆ ಅವರು ಒಳ್ಳೆಯ ನಾಗರಿಕರಾಗುತ್ತಾರೆ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ನನಗದು ಒಪ್ಪಿಗೆಯಿಲ್ಲ. ಸೇವೆಯಿಂದ ಕರುಣೆ ಹುಟ್ಟೀತು. ಆದರೆ ಕಸ ಎತ್ತಿದ ಮಗು 'ಇದನ್ನು ದಿನಾ ಎತ್ತಬೇಕಾದವರು ಯಾರು, ಯಾಕೆ ಎತ್ತಲಿಲ್ಲ?' ಎಂದು ಕೇಳದಿದ್ದರೆ ಪೌರಪಾಠ ಅರ್ಧಕ್ಕೇ ನಿಂತಂತೆ.

ಗುಜರಾತಿನ ಸೂರತ್ ನೋಡಿ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿಗೆ ಹೆದರಿ ಲಕ್ಷಾಂತರ ಜನ ಊರು ಬಿಟ್ಟರು. ಮರುವರ್ಷ ಪಾಲಿಕೆ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅಧಿಕಾರಿಗಳನ್ನು ಕುರ್ಚಿಯಿಂದ ಎಬ್ಬಿಸಿ ದಿನವೂ ಬೀದಿಗಿಳಿಸಿದರು, ವಲಯವಾರು ಹೊಣೆ ಹೊರಿಸಿದರು, ಅಕ್ರಮ ಕಟ್ಟಡ ಕೆಡವಿಸಿದರು. ಊರು ಚೊಕ್ಕಟವಾದದ್ದು ಹಾಗೆ. ವರ್ಷಕ್ಕೊಮ್ಮೆ ಶ್ರಮದಾನ ಮಾಡುವ ಮಗುವಿಗೆ ಈ ಕಥೆ ಹೇಳದಿದ್ದರೆ, ಚರಂಡಿ ತುಂಬಿದ್ದು ತನ್ನದೇ ತಪ್ಪೆಂದು ಅದು ತಿಳಿದೀತು. ವಡೋದರದ್ದೂ ಅಷ್ಟೇ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ಮನೆಗಳಿಗೆ ನುಗ್ಗಿತು. ಊಟದ ಪೊಟ್ಟಣ ಹಂಚುವುದು ಬೇಕೇ ಬೇಕು. ನದಿಯ ಜಾಗದಲ್ಲಿ ಮನೆ ಕಟ್ಟಲು ಅನುಮತಿ ಕೊಟ್ಟವರು ಯಾರೆಂದು ಕೇಳುವುದೂ ಬೇಕು.

ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ಶಾಲೆಗೆ ರಾಜಕೀಯ ಬರುತ್ತದೆ ಎಂಬ ಆಕ್ಷೇಪವಿದೆ. ಅದಕ್ಕೆ ಉತ್ತರವಾಗಿ, ಅಹಮದಾಬಾದಿನ ರಿವರ್‌ಸೈಡ್ ಶಾಲೆಯನ್ನು 2001ರಲ್ಲಿ ಆರಂಭಿಸಿದ ಕಿರಣ್ ಬೀರ್ ಸೇಠಿ ಹೇಳುವ ಒಂದು ಪಾಠ ನನ್ನ ಮನಸ್ಸಿನಲ್ಲಿ ಉಳಿದಿದೆ. ಮಕ್ಕಳ ಹಕ್ಕು ಕಲಿಯುತ್ತಿದ್ದ ಹತ್ತು ವರ್ಷದವರನ್ನು ಎಂಟು ಗಂಟೆ ಅಗರಬತ್ತಿ ಹೊಸೆಯಲು ಕೂರಿಸಿದರು. ಎರಡು ಗಂಟೆಯೊಳಗೇ ಬೆನ್ನು ಸೋತಿತು. ಪಾಠ ಅಲ್ಲಿಗೆ ಮುಗಿದಿದ್ದರೆ ಅದು ಬರೀ ಅನುಭವ. ಆದರೆ ಬಾಲಕಾರ್ಮಿಕ ಪದ್ಧತಿ ನಿಲ್ಲಬೇಕೆಂದು ಆ ಮಕ್ಕಳು ಊರೊಳಗೆ ಹೋಗಿ ಜನರೊಂದಿಗೆ ವಾದಿಸಿದರು. ಪೌರತ್ವ ಶುರುವಾದದ್ದು ಅಲ್ಲಿ.

ಅದೇ ಊರಿನ ಎಲ್. ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು 1973ರ ಡಿಸೆಂಬರಿನಲ್ಲಿ ಹಾಸ್ಟೆಲ್ ಊಟದ ಬಿಲ್ ಏರಿದ್ದೇಕೆಂದು ಕೇಳಿದರು. ಆ ಪ್ರಶ್ನೆಯಿಂದ ಶುರುವಾದ ನವನಿರ್ಮಾಣ ಆಂದೋಲನ ಬೆಳೆದು 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಅದರಲ್ಲಿ ಹಿಂಸೆಯೂ ಇತ್ತು, ಜೀವಗಳೂ ಹೋದವು. ಅದನ್ನು ನಾನು ಮರೆಮಾಚುವುದಿಲ್ಲ. ಹಾಗಾಗಿಯೇ, ಕೇಳುವುದನ್ನು ಚಿಕ್ಕಂದಿನಲ್ಲೇ ಶಾಂತವಾಗಿ, ಲೆಕ್ಕ ಹಿಡಿದು ಕಲಿಸಬೇಕೆನ್ನುತ್ತೇನೆ.

ನಮ್ಮ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಇದೆ. ಶೌಚಾಲಯಕ್ಕೆ ಚಿಲಕವಿಲ್ಲ ಎಂದು ಹುಡುಗಿಯೊಬ್ಬಳು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರು ಎದ್ದು ಹೇಳಬಹುದಾದ ಜಾಗ ಅದು. ಸೂರತ್, ವಡೋದರ, ಅಹಮದಾಬಾದಿನ ವಾರ್ಡ್ ಕಚೇರಿಗಳಲ್ಲೂ ಮಕ್ಕಳಿಗೆ ಅಂಥ ಜಾಗ ಬೇಕು. ಚಿಲಕ ಬಂದಿಲ್ಲವೆಂದರೆ ಮುಂದಿನ ಸಭೆಯಲ್ಲಿ ಆ ಹುಡುಗಿ ಮತ್ತೆ ಎದ್ದು ನಿಲ್ಲುವಾಗ, ಅವಳ ಮೇಷ್ಟ್ರು ಪಕ್ಕದಲ್ಲಿರಬೇಕು.